ಮುತ್ತಜ್ಜನ ತನಕ: ಮನೆತನದ ಚರಿತ್ರೆ ಹುಡುಕಿ ಬರೆದಿಡುವ ಬಗೆ

ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ರೂಢಿ. ಹಾಗಾಗಿ ಒಂದೇ ಊರಿನ ಹಳೆಯ ದಾಖಲೆಯಲ್ಲಿ ಮೂವರು ನಿಂಗೇಗೌಡರೋ ನಾಲ್ವರು ಬಸಪ್ಪಂದಿರೋ ಸಿಕ್ಕರೆ ಆಶ್ಚರ್ಯವಿಲ್ಲ. ಮನೆತನದ ಚರಿತ್ರೆ ಬರೆಯಹೊರಟವರು ಮೊದಲು ಮುಗ್ಗರಿಸುವುದೂ ಇಲ್ಲೇ: ಹೆಸರು ಹೊಂದಿತೆಂದು ಬೇರೆಯವರ ಅಜ್ಜನನ್ನು ತಮ್ಮವನಾಗಿಸಿಕೊಂಡುಬಿಡುತ್ತಾರೆ. ವ್ಯಕ್ತಿಯ ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಜಮೀನಿನ ಸರ್ವೆ ನಂಬರ್ ಇಲ್ಲವೇ ಮನೆದೇವರು, ಈ ನಾಲ್ಕರಲ್ಲಿ ಮೂರಾದರೂ ಕೂಡಿಬಂದರೆ ಮಾತ್ರ ‘ಇವರು ಅವರೇ’ ಎಂದು ಬರೆಯಿರಿ.

ಶುರುಮಾಡಲು 200 ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ ಸಾಕು. ಒಂದು ದಂಪತಿಗೆ ಒಂದು ಪುಟ. ನಿಮಗೆ 1, ತಂದೆಗೆ 2, ತಾಯಿಗೆ 3 ಎಂದು ಅಂಕಿ ಕೊಡಿ. ಮುಂದೆ ಯಾರ ಅಂಕಿಯನ್ನಾದರೂ ಇಮ್ಮಡಿಸಿದರೆ ಅವರ ತಂದೆಯ ಅಂಕಿ, ಅದಕ್ಕೆ ಒಂದು ಕೂಡಿಸಿದರೆ ತಾಯಿಯದು. ತಾಯಿಯ ತಂದೆ 6, ಆ 6ನೆಯವರ ತಾಯಿ 13. ಆಗ ‘ಬಸಪ್ಪ 8’ ಮತ್ತು ‘ಬಸಪ್ಪ 12’ ಎಂದೂ ಒಬ್ಬರಾಗುವುದಿಲ್ಲ. ಅಣ್ಣತಮ್ಮಂದಿರು, ಅಕ್ಕತಂಗಿಯರಿಗೆ 4ಅ, 4ಆ ಎಂದು ಅಕ್ಷರ ಸೇರಿಸಿ. ಪುಟದಲ್ಲಿ ದಾಖಲೆಯ ಹೆಸರಿನ ಜೊತೆಗೆ ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಹೆಂಡತಿಯ ತವರೂರು, ಹುಟ್ಟು, ಮದುವೆ, ಸಾವು, ಎಳವೆಯಲ್ಲೇ ತೀರಿಕೊಂಡ ಮಕ್ಕಳೂ ಸೇರಿ ಎಲ್ಲ ಮಕ್ಕಳ ಹೆಸರು ಇರಲಿ. ಬಲಗಡೆ ಮೂರು ಬೆರಳಗಲ ಜಾಗ ಬಿಟ್ಟು, ಪ್ರತಿ ವಿಷಯದ ಎದುರು ಅದನ್ನು ಯಾರು ಹೇಳಿದರು, ಎಲ್ಲಿ ಕಂಡಿರಿ, ಯಾವತ್ತು ಎಂದು ಬರೆಯಿರಿ. ಈ ಬಲಗಡೆಯ ಜಾಗ ಖಾಲಿ ಬಿದ್ದ ಪುಸ್ತಕ ಹತ್ತು ವರ್ಷದ ನಂತರ ಯಾರ ಉಪಯೋಗಕ್ಕೂ ಬಾರದು.

ಮಾತಿಗೆ ಮೊದಲು ಕೂರಿಸಿಕೊಳ್ಳಬೇಕಾದದ್ದು ಮನೆಯ ಹಿರಿಯ ಹೆಂಗಸರನ್ನು. ಗಂಡಸರು ಜಮೀನು ಬಂದ ಸಾಲನ್ನು ಹೇಳುತ್ತಾರೆ. ಸೊಸೆಯಾಗಿ ಬಂದವರಿಗೆ ತವರು, ಗಂಡನ ಮನೆ ಎರಡರ ನಂಟೂ ಗೊತ್ತಿರುತ್ತದೆ. ‘ನಮ್ಮ ವಂಶದ ಬಗ್ಗೆ ಹೇಳಿ ಅಜ್ಜಿ’ ಎಂದರೆ ‘ನನಗೇನು ಗೊತ್ತಪ್ಪಾ’ ಎಂಬ ಉತ್ತರವೇ ಬರುವುದು. ‘ನಿಮ್ಮ ಮದುವೆಯಲ್ಲಿ ಸೋದರಮಾವನ ಕಡೆಯಿಂದ ಯಾರ್ಯಾರು ಬಂದಿದ್ರು?’, ‘ಮೊದಲನೇ ಬಾಣಂತನ ಎಲ್ಲಾಯ್ತು, ಯಾರು ಮಾಡಿದ್ರು?’ ಎಂದು ಕೇಳಿ ನೋಡಿ. ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಒಂದು ಗಂಟೆ ಮೀರಿಸಬೇಡಿ. ದಣಿದ ಮೇಲೆ ಹೆಸರುಗಳು ಅದಲುಬದಲಾಗುತ್ತವೆ. ತುಳುನಾಡಿನ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕುಟುಂಬವಾದರೆ ಹುಡುಕಾಟ ಅಜ್ಜಿಯಿಂದ ಅವಳ ಅಜ್ಜಿಗೆ ಹೋಗಬೇಕು. ಬಳಿ (ತಾಯಿಯಿಂದ ಬರುವ ಗೋತ್ರ), ಕವರು (ಕುಟುಂಬದ ಕವಲು) ಯಾವುದೆಂದು ಕೇಳದೆ ಅಪ್ಪನ ಕಡೆಯ ಸಾಲು ಹಿಡಿದರೆ ಬೇರೆಯೇ ಕುಟುಂಬಕ್ಕೆ ಹೋಗಿ ನಿಲ್ಲುತ್ತೀರಿ. ಕೊಡಗಿನಲ್ಲಾದರೆ ಒಕ್ಕದ (ಮನೆತನದ) ಹೆಸರು ಮತ್ತು ಅದರ ಮೂಲಮನೆಯಾದ ಐನ್‌ಮನೆ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಅಟ್ಟದ ಮೇಲಿನ ಟ್ರಂಕನ್ನೂ ಇಳಿಸಿ. ಜಾತಕ, ಲಗ್ನಪತ್ರಿಕೆ, ಫೋಟೋಗಳ ಬೆನ್ನು ಇವನ್ನೆಲ್ಲ ಎಲ್ಲರೂ ನೋಡುತ್ತಾರೆ. ಮದುವೆಯ ಮುಯ್ಯಿ ಪುಸ್ತಕವನ್ನು ಮಾತ್ರ ರದ್ದಿಗೆ ಹಾಕಿರುತ್ತಾರೆ. ‘ಕೊಪ್ಪಲು ಚಿಕ್ಕತಾಯಮ್ಮ, 5 ರೂ., ಒಂದು ಕುಪ್ಪಸ’ ಎಂಬ ಒಂದು ಸಾಲಿನಲ್ಲಿ ಹೆಸರೂ ಇದೆ, ಊರೂ ಇದೆ, ನಂಟು ಎಷ್ಟು ಹತ್ತಿರದ್ದೆಂಬ ಸೂಚನೆಯೂ ಇದೆ. ಮುಯ್ಯಿ ತಿರುಗಿಸಿ ಕೊಡಲೇಬೇಕಾದ್ದರಿಂದ ಬರೆಯುವವರು ತಪ್ಪದೆ ಬರೆದಿರುತ್ತಾರೆ. ಆ ಊರುಗಳ ಪಟ್ಟಿ ಮಾಡಿ ಅಜ್ಜಿಯ ಮುಂದೆ ಓದಿದರೆ ಮರೆತುಹೋಗಿದ್ದ ಅರ್ಧ ಬಳಗ ಎದ್ದುಬರುತ್ತದೆ.

ಇಸವಿ ಹಿಡಿಯುವುದು ಸ್ವಲ್ಪ ಕಸರತ್ತಿನ ಕೆಲಸ. ವರ್ಷದ ತಿಥಿ ಮಾಡುವ ಮನೆಗಳಲ್ಲಿ ಸತ್ತ ಮಾಸ, ಪಕ್ಷ, ತಿಥಿ ಪಕ್ಕಾ ನೆನಪಿರುತ್ತದೆ, ಇಸವಿ ಇರುವುದಿಲ್ಲ. ಸಂವತ್ಸರದ ಹೆಸರು ಸಿಕ್ಕರೆ ದಾರಿ ತೆರೆಯಿತು. ಅದು 60 ವರ್ಷಕ್ಕೊಮ್ಮೆ ಮರಳುವುದರಿಂದ ‘ವಿಕ್ರಮ’ ಎಂದರೆ 1880-81, 1940-41 ಅಥವಾ 2000-01. ಯಾವುದು ಸರಿಯೆಂದು ಮಕ್ಕಳ ವಯಸ್ಸಿನಿಂದ ತೀರ್ಮಾನಿಸಬಹುದು. ವರ್ಷ ಶುರುವಾಗುವುದು ಯುಗಾದಿಗೆ. ಆದ್ದರಿಂದ 1940ರ ವಿಕ್ರಮ ಸಂವತ್ಸರದ ಮಾಘ ಮಾಸ ಬೀಳುವುದು 1941ರಲ್ಲಿ. ಸಂವತ್ಸರವೂ ನೆನಪಿಲ್ಲದಿದ್ದರೆ ಊರೆಲ್ಲ ಬಲ್ಲ ಘಟನೆಗೆ ಕಟ್ಟಿ ಕೇಳಿ. ಧಾತು-ಈಶ್ವರ ಬರ 1876ರಿಂದ 78, ಬೆಂಗಳೂರಿನ ಪ್ಲೇಗು 1898, ಇನ್‌ಫ್ಲುಯೆಂಜಾ 1918, ಗಾಂಧೀಜಿ ತೀರಿಕೊಂಡದ್ದು 1948ರ ಜನವರಿ. ‘ಆಗ ನಿಮ್ಮಪ್ಪ ಹುಟ್ಟಿದ್ರಾ? ಓಡಾಡುವಷ್ಟಾಗಿದ್ರಾ?’ ಎಂದರೆ ಎರಡು ಮೂರು ವರ್ಷದ ಅಂತರದಲ್ಲಿ ಉತ್ತರ ಸಿಗುತ್ತದೆ. ಅಂಥ ಇಸವಿಯ ಹಿಂದೆ ‘ಸು.’ (ಸುಮಾರು) ಎಂದು ಹಾಕುವುದನ್ನು ಮರೆಯಬೇಡಿ.

ಇನ್ನು ಕಾಗದಪತ್ರ. ರೈತಾಪಿ ಮನೆತನಕ್ಕೆ ಪಹಣಿಗಿಂತ ದೊಡ್ಡ ಆಧಾರವಿಲ್ಲ. ಇವತ್ತಿನ ಪಹಣಿಯ 9ನೇ ಕಾಲಂನಲ್ಲಿ ಖಾತೆದಾರರ ಮತ್ತು ಅವರ ತಂದೆಯ ಹೆಸರು, 10ರಲ್ಲಿ ಜಮೀನು ಅವರಿಗೆ ಬಂದ ಬಗೆ ಇರುತ್ತದೆ. ಆ 10ನೇ ಕಾಲಂನ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ನಂಬರ್ ಮತ್ತು ವರ್ಷ ಬರೆದುಕೊಂಡು, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ಮ್ಯುಟೇಶನ್ ನಕಲಿಗೆ ಅರ್ಜಿ ಹಾಕಿ. ಪೌತಿ ಖಾತೆಯ (ಸತ್ತವರ ಹೆಸರಿಂದ ವಾರಸುದಾರರಿಗೆ ಖಾತೆ ಮಾಡುವ) ಮ್ಯುಟೇಶನ್ ಆಗಿದ್ದರೆ ಖಾತೆದಾರ ಸತ್ತದ್ದು, ವಾರಸುದಾರರು ಯಾರೆಂಬುದು ಅದರಲ್ಲೇ ಸಿಗುತ್ತದೆ. ಅಲ್ಲಿ ಸಿಕ್ಕ ತಂದೆಯ ಹೆಸರನ್ನು ಹಿಡಿದು ಹಿಂದಿನ ಕೈಬರಹದ ಪಹಣಿಗೆ, ಅಲ್ಲಿಂದ ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ ಪುಸ್ತಕ) ಮತ್ತು ಹಕ್ಕುದಾಖಲೆಗೆ ಹೋಗಿ. ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳ ಸ್ಕ್ಯಾನಿಂಗ್ ಆಗುತ್ತಿರುವುದರಿಂದ, ಹೋಗುವ ಮುಂಚೆ ನಿಮ್ಮ ತಾಲ್ಲೂಕಿನದು ಆಗಿದೆಯೇ ಎಂದು ವಿಚಾರಿಸಿ. ಹಳೆ ಮೈಸೂರಿನ ಪತ್ರಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ‘ತಾಯಮ್ಮ ಕೋಂ ಕರಿಗೌಡ’ ಎಂಬಲ್ಲಿ ಕರಿಗೌಡ ಅಪ್ಪನೆಂದುಕೊಂಡರೆ ಒಂದು ತಲೆಮಾರೇ ಅಡ್ಡದಾರಿ ಹಿಡಿಯುತ್ತದೆ.

ಒಂದು ಎಚ್ಚರ. ಪಹಣಿ ತೆಗೆಸುತ್ತಿದ್ದೀರೆಂದು ಗೊತ್ತಾದ ಕೂಡಲೇ ದಾಯಾದಿಗಳಿಗೆ ‘ಪಾಲು ಕೇಳೋಕೆ ಬಂದಿದ್ದಾನೆ’ ಎಂಬ ಗುಮಾನಿ ಹುಟ್ಟುತ್ತದೆ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಮನೆಮನೆಯ ಮಾತುಕತೆ ಮುಗಿದ ಮೇಲೆ ಕಚೇರಿ. ಅರ್ಧ ಬರೆದ ವಂಶವೃಕ್ಷವನ್ನು ಅವರಿಗೇ ತೋರಿಸಿ ‘ಇಲ್ಲಿ ಯಾರ ಹೆಸರು ಬಿಟ್ಟಿದೆ ದೊಡ್ಡಪ್ಪಾ?’ ಎಂದರೆ ಗುಮಾನಿ ಕರಗುತ್ತದೆ, ಬಿಟ್ಟ ಹೆಸರೂ ಬರುತ್ತದೆ.

ಸ್ವಂತ ಜಮೀನಿಲ್ಲದವರು ಪಹಣಿಯ 12ನೇ ಕಾಲಂ, ಅಂದರೆ ಉಳುಮೆದಾರರ ಕಾಲಂ ನೋಡಬೇಕು. 1974ರ ಭೂ ಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಭೂ ನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಿದ್ದರು. ಆ ಕಡತಗಳಲ್ಲಿ ಅಪ್ಪ, ಅಜ್ಜನ ಕಾಲದಿಂದ ಯಾರು ಉಳುತ್ತಿದ್ದರೆಂಬ ಹೇಳಿಕೆಗಳೂ ಸಿಗುತ್ತವೆ. ಲಿಂಗನಮಕ್ಕಿಯಂಥ ಅಣೆಕಟ್ಟಿನಲ್ಲಿ ಊರೇ ಮುಳುಗಿದ್ದರೆ ಭೂಸ್ವಾಧೀನದ ಪರಿಹಾರದ ಕಡತ ಹುಡುಕಿ. ಉಳಿದಂತೆ ಶಾಲೆಯ ದಾಖಲಾತಿ ರಿಜಿಸ್ಟರ್ ಎಲ್ಲರಿಗೂ ಒದಗುತ್ತದೆ. ಆದರೆ ಅದರಲ್ಲಿ ಜೂನ್ 1 ಎಂಬ ಜನ್ಮದಿನ ಕಂಡರೆ ಅದು ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದೆಂದೇ ತಿಳಿಯಿರಿ.

ದಾಖಲೆ ಎಲ್ಲಿ, ಯಾವ ಭಾಷೆಯಲ್ಲಿ ಸಿಗುತ್ತದೆ ಎಂಬುದು 1956ಕ್ಕೆ ಮುಂಚೆ ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಮರಾಠಿ, ಅದನ್ನು ಬರೆಯುತ್ತಿದ್ದ ಹಳೆಯ ಮೋಡಿ ಲಿಪಿ ಎದುರಾಗಬಹುದು. ಕಲಬುರಗಿ, ರಾಯಚೂರು, ಬೀದರಿನಲ್ಲಿ ಉರ್ದು. ಮೋಡಿ ಓದಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಿ. ನಿಜಾಮ್ ಮತ್ತು ಮದ್ರಾಸ್ ಸೀಮೆಯ ಫಸಲಿ (ಕಂದಾಯದ ವರ್ಷ) ಇಸವಿಗೆ 590 ಕೂಡಿಸಿದರೆ ಆ ಫಸಲಿ ಶುರುವಾದ ಕ್ರಿಸ್ತಶಕ ಸಿಗುತ್ತದೆ: ಫಸಲಿ 1345 ಎಂದರೆ 1935-36.

ಸುಗ್ಗಿ ಮುಗಿದ ಮೇಲೆ ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದ, ಮನೆತನಗಳ ವಂಶಾವಳಿ ಹೇಳುವ ಹೆಳವರು ಈಗಲೂ ಅನೇಕ ಊರುಗಳಿಗೆ ಬರುತ್ತಾರೆ, ಎತ್ತಿನ ಬದಲು ಬೇರೆ ವಾಹನ ಇರಬಹುದು. ಮನೆತನ ಯಾವ ಊರಿಂದ ಬಂತು, ಎಲ್ಲಿ ಕವಲೊಡೆಯಿತು ಎಂಬುದನ್ನು ಅವರಷ್ಟು ಹಿಂದಕ್ಕೆ ಹೋಗಿ ಹೇಳುವವರು ಬೇರೆ ಯಾರೂ ಇಲ್ಲ. ಬಂದಾಗ ಕಾಳು, ಬಟ್ಟೆ, ಹಣ ಕೊಡುವ ಪದ್ಧತಿ ಇದೆ, ಅದನ್ನು ನಡೆಸಿ. ಮೊದಲು ಅವರು ಪೂರ್ತಿ ಹೇಳಲಿ, ಪ್ರಶ್ನೆ ಆಮೇಲೆ. ನಡುವೆ ನಿಮಗೆ ಗೊತ್ತಿರುವ ಹೆಸರನ್ನು ಬಾಯಿಬಿಟ್ಟರೆ ಅವರು ಹೇಳಿದ್ದೇನು, ನೀವು ಹೇಳಿಸಿದ್ದೇನು ಎಂದು ಬೇರ್ಪಡಿಸಲಾಗದು. ಇತ್ತೀಚಿನ ನಾಲ್ಕು ತಲೆಮಾರು ಮ್ಯುಟೇಶನ್ ಜೊತೆ ತಾಳೆಯಾದರೆ ಅದಕ್ಕೂ ಹಿಂದಿನದನ್ನು ‘ಹೆಳವರ ಹೇಳಿಕೆ’ ಎಂಬ ಗುರುತಿನೊಂದಿಗೆ ಸೇರಿಸಿಕೊಳ್ಳಬಹುದು.

ಎರಡು ಕಡೆ ಸಮಯ ಹಾಳುಮಾಡಿಕೊಳ್ಳಬೇಡಿ. ಜನಗಣತಿಯಲ್ಲಿ ಮನೆಮನೆಯಿಂದ ಬರೆದುಕೊಂಡ ವಿವರ ಸಾರ್ವಜನಿಕರಿಗೆ ಸಿಗುವುದಿಲ್ಲ. ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ ಅರ್ಜಿದಾರರ ಹೇಳಿಕೆ, ಸ್ಥಳದ ವಿಚಾರಣೆಯ ಮೇಲೆ ತಯಾರಾಗುವಂಥದ್ದು. ಹಳೆಯವುಗಳಲ್ಲಿ ಹೆಣ್ಣುಮಕ್ಕಳು, ಮೊದಲ ಹೆಂಡತಿ, ಮಕ್ಕಳಿಲ್ಲದೆ ತೀರಿಕೊಂಡವರು ಬಿಟ್ಟುಹೋಗಿರುವುದು ಸಾಮಾನ್ಯ. ಸುಳಿವಾಗಿ ಬಳಸಿ, ಸಾಕ್ಷಿಯಾಗಿ ಬೇಡ.

ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆದಿಡಿ, ಒಂದನ್ನು ಹೊಡೆದುಹಾಕಬೇಡಿ. ನೂರು ಹೆಸರು ದಾಟಿದ ಮೇಲೆ ಗ್ರ್ಯಾಂಪ್ಸ್‌ನಂಥ ಉಚಿತ ವಂಶವೃಕ್ಷ ತಂತ್ರಾಂಶಕ್ಕೆ ಏರಿಸಿದರೆ ಹುಡುಕುವುದು ಸುಲಭ. ಹೆಸರುಗಳನ್ನು ಕನ್ನಡದಲ್ಲೇ ತುಂಬಬಹುದು. ಅದರಿಂದ ಜೆಡ್‌ಕಾಮ್ (ವಂಶವೃಕ್ಷದ ತಂತ್ರಾಂಶಗಳೆಲ್ಲ ಸಾಮಾನ್ಯವಾಗಿ ಓದಬಲ್ಲ ನಮೂನೆ) ಫೈಲನ್ನೂ ತೆಗೆದಿಟ್ಟುಕೊಂಡರೆ ನಾಳೆ ಬೇರೆ ತಂತ್ರಾಂಶಕ್ಕೆ ಹೋಗಲು ತೊಂದರೆಯಿಲ್ಲ. ದಾಖಲೆಯ ಫೋಟೋಗೆ ‘1968_ಮ್ಯುಟೇಶನ್_ಊರು_ಸರ್ವೆನಂಬರ್’ ಎಂಬಂತೆ ಹೆಸರಿಡಿ. ಬಳಗದ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವ ಪ್ರತಿಯಲ್ಲಿ ಬದುಕಿರುವವರ ಹುಟ್ಟಿದ ದಿನ, ಫೋನ್ ನಂಬರ್, ಸರ್ವೆ ನಂಬರ್ ತೆಗೆದುಹಾಕಿ. ಪೂರ್ತಿ ವಿವರದ ಪ್ರತಿ ಬೇರೆಬೇರೆ ಊರಿನ ಎರಡು ಮನೆಗಳಲ್ಲಿರಲಿ, ಅದರಲ್ಲೊಂದು ಕಾಗದದ ಮೇಲಿರಲಿ.