ರುಬಿಡಿಯಂ ಆವಿಯಿಂದ ನೀಲಿ ಕಿರಣ

ಕಣ್ಣಿಗೆ ಕಂಡೂ ಕಾಣದಂತಿರುವ ಎರಡು ಕೆಂಪು ಲೇಸರ್ ಕಿರಣಗಳನ್ನು ರುಬಿಡಿಯಂ ಎಂಬ ಲೋಹದ ಬಿಸಿ ಆವಿಯೊಳಗೆ ಹಾಯಿಸಿದರೆ ಆಚೆ ಬದಿಯಿಂದ ಅಚ್ಚ ನೀಲಿ ಕಿರಣ ಹೊರಬರುತ್ತದೆ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಇದನ್ನು ನಾನೇ ಜೋಡಿಸಿ ನೋಡಿದ್ದೇನೆ. ಪರಮಾಣುಗಳನ್ನು ತಣಿಸುವ ಪ್ರಯೋಗಗಳಿಗೆ ಬೇಕಾಗುವ ನಿರ್ವಾತ ಪಂಪುಗಳ ಸಾಲು ಇದಕ್ಕೆ ಬೇಕಿಲ್ಲ, ಆವಿ ತುಂಬಿದ ಗಾಜಿನ ಕೋಶ ಸಾಕು. ಲೇಸರ್ ಮತ್ತು ಪರಮಾಣುಗಳ ಕ್ಷೇತ್ರಕ್ಕೆ ಕಾಲಿಡುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ನಾನು ಕಂಡಿಲ್ಲ.

ಪರಮಾಣುವಿನ ಹೊರ ಇಲೆಕ್ಟ್ರಾನಿಗೆ ಮೆಟ್ಟಿಲುಗಳಂತೆ ಶಕ್ತಿ ಮಟ್ಟಗಳಿವೆ; 5ಪಿ, 5ಡಿ, 6ಪಿ ಎಂಬುವು ಅವುಗಳ ಹೆಸರು. 780 ನಾನೋಮೀಟರ್ ಲೇಸರ್ ಪರಮಾಣುವನ್ನು ತಳಮಟ್ಟದಿಂದ 5ಪಿ ಮಟ್ಟಕ್ಕೂ 776 ನಾನೋಮೀಟರ್ ಲೇಸರ್ ಅಲ್ಲಿಂದ 5ಡಿ ಮಟ್ಟಕ್ಕೂ ಏರಿಸುತ್ತವೆ. 5ಡಿಯಿಂದ 6ಪಿಗೆ ಇಳಿಯುವಾಗ 5.23 ಮೈಕ್ರೋಮೀಟರಿನ ಅವಗೆಂಪು ಬೆಳಕು ಆವಿಯೊಳಗೇ ಹುಟ್ಟಿ ಬಲಗೊಳ್ಳುತ್ತದೆ. ಈ ಮೂರೂ ಅಲೆಗಳು ಸೇರಿ 420 ನಾನೋಮೀಟರಿನ ನಾಲ್ಕನೆಯದನ್ನು, ಅಂದರೆ ನೀಲಿಯನ್ನು, ಕಟ್ಟುತ್ತವೆ. ಇದಕ್ಕೆ ನಾಲ್ಕು ಅಲೆಗಳ ಮಿಶ್ರಣ ಎನ್ನುತ್ತಾರೆ. ಅವಗೆಂಪನ್ನು ಕೋಶದ ಗಾಜೇ ಹೀರಿಕೊಳ್ಳುವುದರಿಂದ ನಮಗೆ ದಕ್ಕುವುದು ನೀಲಿ ಮಾತ್ರ.

ಹೀಟರ್ ತಂತಿ, ತಾಪಮಾನ ನಿಯಂತ್ರಕ, ತಾಪ ಅಳೆಯುವ ಥರ್ಮೋಕಪಲ್ ಎಲ್ಲವೂ ಬೆಂಗಳೂರಿನ ಇಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಸಿಕ್ಕವು. ತಂತಿಯನ್ನು ಜೋಡಿಯಾಗಿ ಹೊಸೆದು ಕೋಶಕ್ಕೆ ಸುತ್ತಿದೆ. ಎರಡು ಎಳೆಗಳಲ್ಲಿ ವಿದ್ಯುತ್ತು ಎದುರುಬದುರಾಗಿ ಹರಿದರೆ ಕಾಂತಕ್ಷೇತ್ರಗಳು ಪರಸ್ಪರ ಅಳಿಸಿಹೋಗುತ್ತವೆ. ಇಲ್ಲದಿದ್ದರೆ ಪರಮಾಣುವಿನ ಶಕ್ತಿ ಮಟ್ಟಗಳೇ ಕದಲುತ್ತವೆ. ಕೋಶವನ್ನು ನೂರು ಡಿಗ್ರಿಯ ಆಸುಪಾಸಿನಲ್ಲಿಟ್ಟೆ. ಬೆಳಕು ಹಾಯುವ ತುದಿಯ ಕಿಟಕಿಗಳು ಉಳಿದ ಭಾಗಕ್ಕಿಂತ ತುಸು ಬಿಸಿಯಾಗಿರಲೇಬೇಕು, ಇಲ್ಲವಾದರೆ ಲೋಹ ಅಲ್ಲಿಯೇ ಕೂತು ಬೆಳಕಿಗೆ ಅಡ್ಡವಾಗುತ್ತದೆ.

ಎರಡೂ ಕಿರಣಗಳನ್ನು ಒಂದರ ಮೇಲೊಂದು ಕೂರಿಸಿ, ಬೆಳಕಿನ ಕಂಪನದ ದಿಕ್ಕನ್ನು ಬದಲಿಸುವ ಕಾಲು ತರಂಗ ಫಲಕದಿಂದ ಎರಡಕ್ಕೂ ಒಂದೇ ಕಡೆ ತಿರುಗುವ ವೃತ್ತೀಯ ಧ್ರುವೀಕರಣ (ಕಂಪನ ಸುತ್ತುತ್ತಾ ಸಾಗುವುದು) ಕೊಟ್ಟಾಗ ನೀಲಿ ಅತ್ಯಂತ ಪ್ರಬಲವಾಯಿತು. ಆದರೆ ಕೋಶದ ಪಕ್ಕದಿಂದ ಕಾಣುವ ನೀಲಿ ಹೊಳಪನ್ನು ನೋಡಿ ಹಿಗ್ಗಬಾರದು. 6ಪಿಯಿಂದ ತಾವಾಗಿಯೇ ಇಳಿಯುವ ಪರಮಾಣುಗಳೂ ಅದೇ ಬಣ್ಣವನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತವೆ. ಮಿಶ್ರಣ ನಡೆದಿದೆಯೇ ಎಂದು ತಿಳಿಯಲು ಒಂದು ಕನ್ನಡಿಯನ್ನು ಕೂದಲೆಳೆಯಷ್ಟು ಓರೆ ಮಾಡುತ್ತಿದ್ದೆ. ಆಗ ಅಲೆಗಳ ಏರಿಳಿತದ ಹಂತಗಳು ಹೊಂದದೆ ಮುಂದಕ್ಕೆ ಸಾಗುವ ನೀಲಿ ಕಿರಣ ಆರಿಹೋಗುತ್ತದೆ, ಪಕ್ಕದ ಹೊಳಪು ಹಾಗೆಯೇ ಉಳಿಯುತ್ತದೆ. ಲೇಸರ್ ಬಲ ಇಳಿಸಿದಾಗಲೂ ಹೊಳಪು ಮೆಲ್ಲಗೆ ಮಂಕಾಗುತ್ತದೆ, ಕಿರಣವಾದರೋ ಒಂದು ಮಿತಿಯ ಕೆಳಗೆ ಥಟ್ಟನೆ ಮಾಯವಾಗುತ್ತದೆ. ಇಷ್ಟು ಸ್ಪಷ್ಟವಾಗಿ ಎರಡನ್ನೂ ಬೇರ್ಪಡಿಸಿ ತೋರಿಸುವ ಪ್ರಯೋಗ ನನಗೆ ಇಂದಿಗೂ ಅಚ್ಚುಮೆಚ್ಚು.

ಏಪ್ರಿಲ್ ಮಧ್ಯಾಹ್ನಗಳಲ್ಲಿ ಕೋಣೆಯ ತಾಪ ಏರಿದಂತೆ ಡಯೋಡ್ ಲೇಸರಿನ ತರಂಗಾಂತರ ಜಾರುತ್ತಿತ್ತು. ಮುಖ್ಯ ಅಳತೆಗಳನ್ನೆಲ್ಲ ರಾತ್ರಿಗೆ ಇಟ್ಟುಕೊಳ್ಳುತ್ತಿದ್ದೆ.

ಹೊಸಬರು 780ರ ಲೇಸರನ್ನು ಅನುರಣನದ, ಅಂದರೆ ಪರಮಾಣು ಅತಿ ಹೆಚ್ಚು ಹೀರುವ ಆವರ್ತನದ, ನಟ್ಟನಡುವೆ ನಿಲ್ಲಿಸಲು ಹೋಗುತ್ತಾರೆ. ಇಷ್ಟು ದಟ್ಟ ಆವಿಯಲ್ಲಿ ಅದು ಕೋಶದ ಬಾಯಿಯಲ್ಲೇ ಹೀರಿಹೋಗುತ್ತದೆ. ನಾನು ಒಂದೆರಡು ಗಿಗಾಹರ್ಟ್ಸ್ ದೂರ ಸರಿಸಿ, 776ರದ್ದನ್ನು ನಿಧಾನವಾಗಿ ತಿರುಗಿಸುತ್ತಾ ಎರಡು ಫೋಟಾನುಗಳ ಮೊತ್ತ 5ಡಿಗೆ ಹೊಂದುವ ಜಾಗವನ್ನು ಹುಡುಕುತ್ತಿದ್ದೆ. ತಾಪವನ್ನು ಇನ್ನೂ ಏರಿಸಿದರೆ ಹುಟ್ಟಿದ ನೀಲಿಯನ್ನು ತಳಮಟ್ಟದ ಪರಮಾಣುಗಳೇ ನುಂಗತೊಡಗುತ್ತವೆ. ಆದ್ದರಿಂದ ಐದೈದು ಡಿಗ್ರಿ ಏರಿಸಿ, ಪ್ರತಿ ಹಂತದಲ್ಲೂ ಕಿರಣದ ಬಲವನ್ನು ಬರೆದುಕೊಂಡು, ಅದು ಇಳಿಮುಖವಾದಲ್ಲಿ ನಿಲ್ಲಿಸಿ.