ಸ್ಕಾಟ್‌ಲೆಂಡಿನ ಹಳೆಯ ‘ಇನ್‌ಹಿಬಿಷನ್’ ದಾಖಲೆಯನ್ನು ಹುಡುಕಿ ಓದುವ ಕ್ರಮ

ಸಾಲ ತೀರಿಸದ ಭೂಮಾಲೀಕನು ತನ್ನ ಜಮೀನನ್ನು ಮಾರಿಯೋ ಅಡವಿಟ್ಟೋ ಸಾಲ ಕೊಟ್ಟವನಿಗೆ ದಕ್ಕದಂತೆ ಮಾಡುವುದನ್ನು ತಡೆಯಲು ಸ್ಕಾಟ್‌ಲೆಂಡಿನ ಕಾನೂನಿನಲ್ಲಿ ಇನ್‌ಹಿಬಿಷನ್ ಎಂಬ ಆಜ್ಞಾಪತ್ರವಿತ್ತು. ಪರಿಷ್ಕೃತ ರೂಪದಲ್ಲಿ ಅದು ಇಂದಿಗೂ ಇದೆ. ಇಲ್ಲಿ ಹೇಳುವುದು ಮುಖ್ಯವಾಗಿ 17ರಿಂದ 19ನೆಯ ಶತಮಾನದವರೆಗಿನ ದಾಖಲೆಗಳ ಬಗ್ಗೆ. ಕಂಪನಿ ಆಡಳಿತದಲ್ಲಿ ಕನ್ನಡನಾಡಿಗೆ ಬಂದ ಸ್ಕಾಟ್ ಅಧಿಕಾರಿಗಳ ಮನೆತನಗಳನ್ನು ಅಭ್ಯಾಸ ಮಾಡುವವರಿಗೂ ಇವು ಉಪಯುಕ್ತ: 1799ರಲ್ಲಿ ಕೆನರಾದ ಆಡಳಿತ ವಹಿಸಿಕೊಂಡ ಥಾಮಸ್ ಮನ್ರೋನ ತಂದೆ ಗ್ಲಾಸ್ಗೋದ ವರ್ತಕನಾಗಿದ್ದು, ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ವ್ಯಾಪಾರದಲ್ಲಿ ಮುಳುಗಿದವನು, ಅಂಥ ವರ್ತಕ ಕುಟುಂಬಗಳ ವಿಷಯದಲ್ಲಿ ಮೊದಲು ನೋಡಬೇಕಾದ ಕಡತಗಳಲ್ಲಿ ಇವೂ ಸೇರುತ್ತವೆ.

ಹುಡುಕಾಟವನ್ನು ಊರಿನ ಹೆಸರಿನಿಂದಲ್ಲ, ವ್ಯಕ್ತಿಯ ಹೆಸರಿನಿಂದ ಆರಂಭಿಸಬೇಕು. ನಮ್ಮಲ್ಲಿ ಋಣಭಾರ ಪತ್ರವನ್ನು ಸರ್ವೆ ನಂಬರು ಹಿಡಿದು ತೆಗೆಸುವಂತೆ ಇಲ್ಲಿ ಸಾಗುವುದಿಲ್ಲ, ಏಕೆಂದರೆ ಇನ್‌ಹಿಬಿಷನ್ ಕಟ್ಟಿಹಾಕುವುದು ಸಾಲಗಾರನ ಕೈಯನ್ನು. ಅವನ ಹೊಲಗಳ ಹೆಸರು ಪತ್ರದಲ್ಲಿ ಇರಲೇಬೇಕೆಂದಿಲ್ಲ. ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್‌ಲೆಂಡ್‌ನಲ್ಲಿ 1602ರಿಂದ ಇಡೀ ದೇಶದ ಸಾಮಾನ್ಯ ರಿಜಿಸ್ಟರು ಇದೆ. ಅದರ ಜೊತೆಗೆ ಜಿಲ್ಲಾವಾರು ರಿಜಿಸ್ಟರುಗಳೂ ಇವೆ. ಸಾಲಗಾರ ವಾಸವಿದ್ದ ಜಿಲ್ಲೆ, ಜಮೀನಿರುವ ಜಿಲ್ಲೆ ಮತ್ತು ಸಾಮಾನ್ಯ ರಿಜಿಸ್ಟರು, ಈ ಮೂರನ್ನೂ ನೋಡದೆ ‘ದಾಖಲೆ ಇಲ್ಲ’ ಎಂದು ಬರೆದುಕೊಳ್ಳಬಾರದು. 1868ರ ಕಾಯ್ದೆಯಿಂದ ಜಿಲ್ಲಾ ರಿಜಿಸ್ಟರುಗಳು ರದ್ದಾದ್ದರಿಂದ ಅನಂತರದ ಹುಡುಕಾಟ ಒಂದೇ ಕಡೆ ಮುಗಿಯುತ್ತದೆ. ದಪ್ಪ ಸಂಪುಟಗಳಿಗೆ ಕೈಹಾಕುವ ಮೊದಲು ಮಿನಿಟ್ ಪುಸ್ತಕಗಳನ್ನು ನೋಡುವುದು ಜಾಣತನ. ಅವುಗಳಲ್ಲಿ ದಿನಾಂಕ ಮತ್ತು ಉಭಯಪಕ್ಷಗಳ ಹೆಸರುಗಳು ಸಂಕ್ಷೇಪವಾಗಿ ಸಿಗುತ್ತವೆ. 17ನೆಯ ಶತಮಾನದ ಸೆಕ್ರೆಟರಿ ಬರವಣಿಗೆ ಎಂಬ ಹಳೆಯ ಕೈಬರಹದ ಶೈಲಿಯನ್ನು ಓದಲು ಅಭ್ಯಾಸ ಬೇಕೇ ಬೇಕು.

ಪತ್ರ ಸಿಕ್ಕಿದ ಮೇಲೆ ಅದರ ಅಂಗಗಳನ್ನು ಬಿಡಿಸಿಕೊಳ್ಳಬೇಕು. ಅದು ದೊರೆಯ ಹೆಸರಿನಲ್ಲಿ ಆರಂಭವಾಗುತ್ತದೆ; ಯಾರು ಯಾರಿಗೆ ಯಾವ ಪತ್ರದ ಅಥವಾ ತೀರ್ಪಿನ ಮೇಲೆ ಎಷ್ಟು ಹಣ ಕೊಡಬೇಕು ಎಂಬುದನ್ನು ವಿವರಿಸುತ್ತದೆ; ಸಾಲಗಾರನು ತನ್ನ ಆಸ್ತಿಯನ್ನು ಪರಭಾರೆ ಮಾಡುವ ಹವಣಿಕೆಯಲ್ಲಿದ್ದಾನೆ ಎಂದು ಆರೋಪಿಸುತ್ತದೆ. ಈ ಆರೋಪ ಎಲ್ಲ ಪತ್ರಗಳಲ್ಲೂ ಬರುವ ಸಿದ್ಧ ಪಾಠವಾದ್ದರಿಂದ ಅದನ್ನು ಸಾಕ್ಷ್ಯವೆಂದು ಎಣಿಸಬಾರದು. ಮುಂದೆ ಎರಡು ಆಜ್ಞೆಗಳಿರುತ್ತವೆ: ಸಾಲಗಾರ ಮಾರಕೂಡದು, ಪ್ರಜೆಗಳು ಅವನಿಂದ ಕೊಳ್ಳಕೂಡದು. ಸ್ಕಾಟ್‌ಲೆಂಡಿನ ಅತ್ಯುನ್ನತ ಸಿವಿಲ್ ನ್ಯಾಯಾಲಯವಾದ ಕೋರ್ಟ್ ಆಫ್ ಸೆಷನ್‌ನ ಅನುಮತಿಯ ಮೇರೆಗೆ ಪತ್ರಕ್ಕೆ ಸಿಗ್ನೆಟ್ ಎಂಬ ರಾಜಮುದ್ರೆ ಬೀಳುತ್ತಿತ್ತು.

ನನ್ನ ದೃಷ್ಟಿಯಲ್ಲಿ ಅತ್ಯಂತ ಸ್ವಾರಸ್ಯದ ಭಾಗವೆಂದರೆ ಪತ್ರದ ಜೊತೆಗಿರುವ ಜಾರಿ ವರದಿ. ಮೆಸೆಂಜರ್ ಅಟ್ ಆರ್ಮ್ಸ್ ಎಂಬ ಅಧಿಕಾರಿ ಪ್ರತಿಯನ್ನು ಸಾಲಗಾರನ ಕೈಗೇ ಕೊಡುತ್ತಿದ್ದನು; ಮನೆಯವರು ಬಾಗಿಲು ತೆರೆಯದಿದ್ದರೆ, 1540ರ ಕಾನೂನಿನಂತೆ, ಆರು ಸಲ ಬಾಗಿಲು ಬಡಿದು ಪ್ರತಿಯನ್ನು ಅಲ್ಲಿಯೇ ಅಂಟಿಸುತ್ತಿದ್ದನು. ಅನಂತರ ಜಿಲ್ಲೆಯ ಮುಖ್ಯ ಪಟ್ಟಣದ ಸಂತೆ ಕಂಬದ ಬಳಿ ನಿಂತು, ಮೂರು ಬಾರಿ ‘ಓಯೆಸ್’ (ಕೇಳಿರಿ) ಎಂದು ಕೂಗಿ, ಪತ್ರವನ್ನು ಗಟ್ಟಿಯಾಗಿ ಓದಿ, ಸಾಕ್ಷಿಗಳ ಎದುರಿಗೆ ಒಂದು ಪ್ರತಿಯನ್ನು ಅಲ್ಲಿ ಹಚ್ಚುತ್ತಿದ್ದನು. ಸಾಲಗಾರ ಸ್ಕಾಟ್‌ಲೆಂಡಿನಿಂದ ಹೊರಗಿದ್ದರೆ ಈ ಕೂಗು ಎಡಿನ್‌ಬರೋದ ಸಂತೆ ಕಂಬದಲ್ಲೂ ಲೀತ್ ಬಂದರಿನ ಕಟ್ಟೆಯಲ್ಲೂ ನಡೆಯುತ್ತಿತ್ತು. ವರದಿಯಲ್ಲಿ ಲೀತ್‌ನ ಹೆಸರು ಕಂಡರೆ ಆ ಮನುಷ್ಯ ಆಗ ವಿದೇಶದಲ್ಲಿದ್ದನೆಂದು ಊಹಿಸಬಹುದು. ಮದರಾಸಿಗೋ ಕಲ್ಕತ್ತೆಗೋ ಹೊರಟವನ ಜಾಡು ಹಿಡಿಯಲು ಇದೊಂದು ಒಳ್ಳೆಯ ಸುಳಿವು.

ಹೀಗೆ ಮೂರು ದಿನಾಂಕಗಳು ದೊರೆಯುತ್ತವೆ: ಸಿಗ್ನೆಟ್ ಬಿದ್ದದ್ದು, ಜಾರಿಯಾದದ್ದು, ನೋಂದಣಿಯಾದದ್ದು. ಮೂರನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳಿ. 1581ರ ಕಾಯ್ದೆಯ ಪ್ರಕಾರ ಜಾರಿಯಾದ 40 ದಿನಗಳೊಳಗೆ ನೋಂದಣಿಯಾಗಬೇಕಿತ್ತು. ಆ ಗಡುವು ತಪ್ಪಿದ್ದರೆ ತಡೆಗೆ ಬೆಲೆಯಿಲ್ಲ. ಗಡುವಿನೊಳಗೆ ನೋಂದಾಯಿಸಿದ್ದರೆ ಜಾರಿಯ ದಿನದಿಂದಲೇ ಅದು ಲಾಗೂ ಆಗುತ್ತಿತ್ತು. 1868ರ ಸುಧಾರಣೆಯ ನಂತರ ನೋಂದಣಿಯ ದಿನವೇ ಪ್ರಧಾನವಾಯಿತು; ಮುಂಗಡ ನೋಟಿಸನ್ನು ನೋಂದಾಯಿಸಿ 21 ದಿನಗಳಲ್ಲಿ ಪತ್ರವನ್ನೂ ನೋಂದಾಯಿಸಿದವರಿಗೆ ಮಾತ್ರ ಆ ನೋಟಿಸಿನ ದಿನ ಸಿಗುತ್ತಿತ್ತು. ಅದೇ ವರ್ಷದ ಮತ್ತೊಂದು ಬದಲಾವಣೆಯಿಂದ, ಇನ್‌ಹಿಬಿಷನ್ ಆದ ಮೇಲೆ ಸಾಲಗಾರ ಸಂಪಾದಿಸಿದ ಜಮೀನು ತಡೆಯಿಂದ ಹೊರಗುಳಿಯಿತು. ಅದಕ್ಕೂ ಮುಂಚೆ ಮುಂದಿನ ಸಂಪಾದನೆಯೂ ಸಿಕ್ಕಿಬೀಳುತ್ತಿತ್ತು. 1874ರ ಕಾಯ್ದೆ ಇನ್‌ಹಿಬಿಷನ್‌ನ ಆಯುಷ್ಯವನ್ನು ಐದು ವರ್ಷಕ್ಕೆ ಇಳಿಸಿತು.

ಹಣದ ಮೊತ್ತವನ್ನು ಅಳೆಯುವಾಗ 1707ಕ್ಕಿಂತ ಹಿಂದಿನ ಸ್ಕಾಟ್ಸ್ ಪೌಂಡು ಸ್ಟರ್ಲಿಂಗಿನ ಹನ್ನೆರಡನೆಯ ಒಂದು ಪಾಲು, ಮರ್ಕ್ ಎಂಬುದು ಸ್ಕಾಟ್ಸ್ ಪೌಂಡಿನ ಮೂರನೆಯ ಎರಡು ಪಾಲು ಎಂಬುದು ನೆನಪಿರಲಿ. 1,200 ಮರ್ಕ್ ಎಂದರೆ 800 ಸ್ಕಾಟ್ಸ್ ಪೌಂಡು, ಅಂದರೆ ಸುಮಾರು 67 ಪೌಂಡ್ ಸ್ಟರ್ಲಿಂಗ್ ಅಷ್ಟೇ.

ಪತ್ರ ಕಂಡ ಮಾತ್ರಕ್ಕೆ ಆ ಮನೆ ದಿವಾಳಿಯಾಯಿತೆಂದು ತೀರ್ಮಾನಿಸುವುದು ಸಾಮಾನ್ಯವಾದ ತಪ್ಪು. ವ್ಯಾಜ್ಯ ಇನ್ನೂ ನಡೆಯುತ್ತಿರುವಾಗಲೇ ಇನ್‌ಹಿಬಿಷನ್ ಪಡೆಯಲು ಅವಕಾಶವಿತ್ತು. ಆ ವ್ಯಾಜ್ಯದಲ್ಲಿ ಪ್ರತಿವಾದಿ ಗೆದ್ದಿರಲೂಬಹುದು. ಗಂಡನೊಬ್ಬ ತನ್ನ ಹೆಂಡತಿಗೆ ಯಾರೂ ಸಾಲ ಕೊಡಕೂಡದೆಂದು ಹಾಕಿಸಿದ ಇನ್‌ಹಿಬಿಷನ್‌ಗಳೂ ಇದೇ ಪುಸ್ತಕಗಳಲ್ಲಿವೆ. ಜಮೀನಿಗೂ ಅವುಗಳಿಗೂ ಸಂಬಂಧವಿಲ್ಲ. ಜಿಲ್ಲಾ ಸಂಪುಟಗಳಲ್ಲಿ ಹಾರ್ನಿಂಗ್ ಪತ್ರಗಳೂ ಬೆರೆತಿರುತ್ತವೆ. ಅವು ಸಾಲ ತೀರಿಸುವಂತೆ ಸಾಲಗಾರನಿಗೆ ಗಡುವು ಕೊಟ್ಟು, ತಪ್ಪಿದರೆ ಕೊಂಬೂದಿ ರಾಜದ್ರೋಹಿಯೆಂದು ಸಾರಲು ಹೊರಡಿಸಿದ ಬೇರೆಯೇ ಆಜ್ಞೆಗಳು.

ಇನ್‌ಹಿಬಿಷನ್ ಜಮೀನನ್ನು ಯಾರಿಗೂ ವರ್ಗಾಯಿಸುತ್ತಿರಲಿಲ್ಲ. ಜಮೀನು ಬೇಕೆಂದವನು ಅಡ್ಜುಡಿಕೇಷನ್ ಎಂಬ ಪ್ರತ್ಯೇಕ ಕ್ರಮಕ್ಕೆ ಹೋಗಬೇಕಿತ್ತು. 1672ರಲ್ಲಿ ಅದು ಹಳೆಯ ಅಪ್ರೈಸಿಂಗ್ ಪದ್ಧತಿಯ ಜಾಗಕ್ಕೆ ಬಂದಿತು. ಆದ್ದರಿಂದ ಮುಂದಿನ ಹೆಜ್ಜೆಯಾಗಿ ಅಡ್ಜುಡಿಕೇಷನ್ ದಾಖಲೆಗಳನ್ನೂ 1617ರಿಂದ ಆರಂಭವಾಗುವ, ಜಮೀನಿನ ಹಕ್ಕು ವರ್ಗಾವಣೆಗಳನ್ನು ದಾಖಲಿಸುವ ಸೇಸಿನ್ ರಿಜಿಸ್ಟರನ್ನೂ ತೆರೆಯಬೇಕು. ತಡೆ ಬಿದ್ದ ಮೇಲೆ ಮಾರಾಟವಾಗಿರುವುದು ಸೇಸಿನ್‌ನಲ್ಲಿ ಕಂಡರೆ, ಆ ಮಾರಾಟದ ಕರಾರು ತಡೆಗಿಂತ ಮುಂಚೆಯೇ ಆಗಿತ್ತೇ ಎಂದು ಪರೀಕ್ಷಿಸಿ; ಹಾಗಿದ್ದರೆ ಅದು ಸಿಂಧು. ಇಲ್ಲದಿದ್ದರೆ ಆ ಮಾರಾಟವನ್ನು ರದ್ದುಗೊಳಿಸಲು ತಡೆ ಹಾಕಿಸಿದವನು, ಅವನೊಬ್ಬನೇ, ರಿಡಕ್ಷನ್ ದಾವೆ ಹೂಡಬಹುದಾಗಿತ್ತು. ಅಂಥ ದಾವೆಯ ಸುಳಿವೂ ಕೋರ್ಟ್ ಆಫ್ ಸೆಷನ್ ಕಡತಗಳಲ್ಲಿ ಸಿಗದಿದ್ದರೆ, ಕೊಳ್ಳುವವನು ಕ್ರಯದ ಹಣದಲ್ಲೇ ಸಾಲ ಚುಕ್ತಾ ಮಾಡಿಸಿ ಬಿಡುಗಡೆ ಪತ್ರ ಬರೆಸಿಕೊಂಡಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಿ.