ಕಂಬಕ್ಕೂ ಬ್ಯಾರೆಲ್‌ಗೂ ಒಂದೇ ಕುದುರೆ: ನಾನು ಆರಿಸಿದ ಬಗೆ

ಇಲ್ಲಿ ಟೆಕ್ಸಸ್‌ನ ಹೈಸ್ಕೂಲ್ ರೋಡಿಯೊದಲ್ಲಿ ಹುಡುಗಿಯರಿಗೆ ಬ್ಯಾರೆಲ್ ರೇಸಿಂಗ್ (ಮೂರು ಪೀಪಾಯಿಗಳನ್ನು ಸುತ್ತಿ ಓಡಿಸುವುದು), ಪೋಲ್ ಬೆಂಡಿಂಗ್ (ಸಾಲಾಗಿ ನೆಟ್ಟ ಆರು ಕಂಬಗಳ ನಡುವೆ ಅಂಕುಡೊಂಕಾಗಿ ಓಡಿಸುವುದು) ಎರಡೂ ಇವೆ. ಮಗಳಿಗೆ ಎರಡಕ್ಕೂ ಒಂದೇ ಕುದುರೆ ತರುತ್ತೇನೆ ಅಂದಾಗ, ಎರಡು ದೋಣಿಯಲ್ಲಿ ಕಾಲಿಡಬೇಡಿ ಅಂದವರೇ ಹೆಚ್ಚು. ಈಗ ಎರಡನೇ ಸೀಸನ್. ಅದೇ ಹೆಣ್ಣು ಕುದುರೆ ಕಂಬದಲ್ಲಿ 21 ಸೆಕೆಂಡಿನ ಆಸುಪಾಸಿನಲ್ಲಿದೆ, ಬ್ಯಾರೆಲ್‌ನಲ್ಲಿ 2ಡಿಗೆ (ಅತಿ ವೇಗದವರಿಗಿಂತ ತುಸು ಹಿಂದಿರುವವರ ಎರಡನೇ ವಿಭಾಗ) ಬರುತ್ತಿದೆ.

ಅದಕ್ಕೂ ಮುಂಚೆ ಎರಡು ಸಲ ಕೈ ಸುಟ್ಟುಕೊಂಡೆ. ಮೊದಲನೆಯದಕ್ಕೆ ಸುಮಾರು 9,500 ಡಾಲರ್, ಬರೀ ಬ್ಯಾರೆಲ್ ಟೈಮ್ ನೋಡಿ ಕೊಟ್ಟಿದ್ದು. ಹಿಂಗಾಲಿನ ನಡುವಿನ ಹಾಕ್ ಕೀಲು ಸವೆದಿತ್ತು. ಆರು ತಿಂಗಳಿಗೊಮ್ಮೆ ಇಂಜೆಕ್ಷನ್, ಪ್ರತಿ ಸಲ 600ರ ಹತ್ತಿರ. ಕೊನೆಗೆ 4,000ಕ್ಕೆ ಹೋಯಿತು. ಎರಡನೆಯದು ರೇಸ್ ಟ್ರ್ಯಾಕಿನಿಂದ ಬಂದ ಕ್ವಾರ್ಟರ್ ಹಾರ್ಸ್ (ಕಡಿಮೆ ದೂರದ ಓಟಕ್ಕೆ ಹೆಸರಾದ ತಳಿ), 3,500. ನೇರ ಓಟದಲ್ಲಿ ಬಿಟ್ಟ ಬಾಣ. ತಿರುವಿಗೆ ಮುಂಚೆ ವೇಗ ತಗ್ಗಿಸಿ ಹಿಂಗಾಲ ಮೇಲೆ ಕೂರುವುದು ಮಾತ್ರ ಬರಲಿಲ್ಲ, ಮೊದಲ ಬ್ಯಾರೆಲ್ ದಾಟಿ ಬೇಲಿಯವರೆಗೂ ಹೋಗುತ್ತಿತ್ತು. ಎಂಟು ತಿಂಗಳ ತರಬೇತಿಗೆ ಸುರಿದದ್ದು ಕುದುರೆಯ ಬೆಲೆಗಿಂತ ಜಾಸ್ತಿ.

ಮೂರನೇ ಸಲ ಕಂಬದ ಕುದುರೆಯನ್ನೇ ಹುಡುಕಿದೆ. ಬ್ಯಾರೆಲ್‌ನಲ್ಲಿ ಲೀಡ್ (ಓಟದಲ್ಲಿ ಮುಂದೆ ಚಾಚುವ ಬದಿಯ ಕಾಲು) ಬದಲಿಸುವುದು ಒಂದೇ ಸಲ, ಒಂದನೆಯದಕ್ಕೂ ಎರಡನೆಯದಕ್ಕೂ ನಡುವೆ. ಕಂಬದ ಸಾಲಿನಲ್ಲಿ ಹೋಗುವಾಗಲೂ ಬರುವಾಗಲೂ ಹೆಚ್ಚುಕಡಿಮೆ ಕಂಬಕ್ಕೊಂದು. ಅದನ್ನು ಬಲ್ಲ ಕುದುರೆಗೆ ಬ್ಯಾರೆಲ್ ಕಲಿಸುವುದು ಸುಲಭ. ಉಲ್ಟಾ, ಅಂದರೆ ಬ್ಯಾರೆಲ್ ಕುದುರೆಯನ್ನು ಕಂಬಕ್ಕೆ ಒಯ್ದರೆ, ಕಂಬ ಉರುಳುತ್ತವೆ, ಒಂದೊಂದಕ್ಕೂ 5 ಸೆಕೆಂಡ್ ದಂಡ.

ನೋಡಲು ಹೋದಾಗ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ತಲುಪುತ್ತಿದ್ದೆ. ಜೀನು ಹಾಕುವ ಜಾಗದಲ್ಲಿ, ಎದೆಯ ಮೇಲೆ ಕೈಯಿಟ್ಟು ನೋಡಿ: ಬೆಚ್ಚಗೆ, ಒದ್ದೆಯಾಗಿದ್ದರೆ ಆಗಲೇ ಓಡಿಸಿ ದಣಿಸಿದ್ದಾರೆ. ಆಮೇಲೆ ಟೇಪ್ ಹಿಡಿದು ಕಂಬಗಳ ಅಂತರ ಅಳೆಯಿರಿ. 21 ಅಡಿಯೇ ಇರಬೇಕು. ಮನೆಯಲ್ಲಿ 24 ಅಡಿಗಿಟ್ಟು ನೋಡಿದ್ದೇನೆ, ತಡವಾಗಿ ಲೀಡ್ ಬದಲಿಸುವ ಕುದುರೆಯೂ ಅಲ್ಲಿ ಚೊಕ್ಕವಾಗಿ ಕಾಣುತ್ತದೆ. 18ಕ್ಕಿಟ್ಟರೆ ಒಳ್ಳೆಯ ಕುದುರೆಯೂ ಭುಜ ತಾಗಿಸುತ್ತದೆ.

ವೇಗದ ಓಟ ಕೇಳಬೇಡಿ. ಲಗಾಮು ಸಡಿಲ ಬಿಟ್ಟು ನಿಧಾನದ ಲೋಪ್‌ನಲ್ಲಿ (ಹಗುರ ನೆಗೆತದ ಓಟ) ಓಡಿಸಿ, ಫೋನಿನಲ್ಲಿ ಸ್ಲೋ ಮೋಷನ್ ಹಿಡಿಯಿರಿ. ಮುಂಗಾಲು ಬದಲಾಗಿ ಹಿಂಗಾಲು ಒಂದೆರಡು ಹೆಜ್ಜೆ ಹಳೆಯ ಲೀಡ್‌ನಲ್ಲೇ ಉಳಿದರೆ ಬೆನ್ನು ತಿರುಚಿದಂತೆ ಕಾಣುತ್ತದೆ. ಎರಡೂ ಕಡೆ ಹಾಗಿದ್ದರೆ ಕಲಿಸಿದ್ದು ಸಾಲದು, ಒಂದೇ ಕಡೆ ಇದ್ದರೆ ನೋವಿದೆ ಅನ್ನುವುದು ನನ್ನ ಲೆಕ್ಕ. ನನಗೆ ಈವರೆಗೆ ತಪ್ಪಿಲ್ಲ. 

ವೆಟ್ ನಿಮ್ಮ ಕಡೆಯವರೇ ಆಗಬೇಕು, ಮಾರುವವರ ಕಡೆಯವರಲ್ಲ. ಫ್ಲೆಕ್ಷನ್ ಟೆಸ್ಟ್ (ಕಾಲು ಮಡಚಿ ಹಿಡಿದು, ಬಿಟ್ಟು ಓಡಿಸಿ ಕುಂಟು ನೋಡುವುದು), ಹಾಕ್ ಮತ್ತು ಮುಂಗಾಲ ಗೊರಸಿನ ಎಕ್ಸ್‌ರೇ, ಕಾಗಿನ್ಸ್ (ಕುದುರೆಯ ಸಾಂಕ್ರಾಮಿಕ ರಕ್ತಹೀನತೆ ಪತ್ತೆಯ ರಕ್ತಪರೀಕ್ಷೆ) ಎಲ್ಲ ಸೇರಿ 900 ಡಾಲರ್ ಆಯಿತು. ಅದೇ ದಿನ ರಕ್ತ ತೆಗೆಸಿ ಇಡಿಸಿ. ಬ್ಯೂಟ್ (ನೋವು ನಿವಾರಕ ಔಷಧಿ) ಕೊಟ್ಟು ಕುಂಟು ಮರೆಮಾಚಿದ್ದರೆ ಆಮೇಲೆ ಸಾಬೀತು ಮಾಡಲು ಅದು ಬೇಕಾಗುತ್ತದೆ.

ಹನ್ನೊಂದು ವರ್ಷದ ಈ ಕುದುರೆಗೆ ಕೊಟ್ಟದ್ದು 12,000ದ ಹತ್ತಿರ. ಬ್ಯಾರೆಲ್‌ಗೆ ಮೊದಲ ಎರಡು ತಿಂಗಳು ಬರೀ ನಡಿಗೆ, ಟ್ರಾಟ್. ಈಗಲೂ ವಾರಕ್ಕೆ ಒಂದೇ ದಿನ ಪೂರ್ತಿ ವೇಗ.